ಮೊರ್ಗಾದುವಿನ ಬಂಡೆ

ಪೋರ್ಚುಗಲ್ಲಿನ ಫುಜೇತದಲ್ಲಿ, ಮೀನುಗಾರರ ಬೀದಿಯಲ್ಲಿ ಹುಟ್ಟಿ ನೌಕಾಪಡೆಯ ಲೆಫ್ಟಿನೆಂಟ್ ಆದವನು ಬಾಲ್ತಜಾರ್ ಮೊರ್ಗಾದು ಒಬ್ಬನೇ. ಅಪ್ಪ ನಕಾಶೆಯಲ್ಲಿಲ್ಲದ ಬಂಡೆಗೆ ದೋಣಿ ಬಡಿದು ಸತ್ತಿದ್ದ. ಅದಕ್ಕೇ ಮಗ ಹಟ ಹಿಡಿದು ಸಮುದ್ರದ ಆಳ ಅಳೆಯುವ ಕೆಲಸಕ್ಕೆ ಸೇರಿದ. ಹನ್ನೊಂದು ವರ್ಷ ಆಫ್ರಿಕದ ದಂಡೆಗುಂಟ ಅಲೆದು, ಜ್ವರದಲ್ಲಿ ಬೆಂದು, ಯಾರೂ ಬರೆಯದ ಕೊಲ್ಲಿಗಳನ್ನು ಕಾಗದಕ್ಕಿಳಿಸಿದ. ಕೊನೆಯ ಕೊಲ್ಲಿ ಮುಗಿದರೆ ಅದರ ಬಾಯಲ್ಲಿರುವ ಭೂಶಿರಕ್ಕೆ ಅವನ ಹೆಸರನ್ನೇ ಇಡುವುದಾಗಿ ಕಪ್ತಾನ ಟೆಲೆಸ್ ಮಾತು ಕೊಟ್ಟಿದ್ದ. ಇವನು ಅಮ್ಮನಿಗೆ ಆಗಲೇ ಕಾಗದ ಬರೆದೂ ಬಿಟ್ಟ. ಅಷ್ಟು ಅವಸರ ಅವನಿಗೆ.

ಆ ವಾರವೇ ಆಳ ಅಳೆಯುವ ಹಳೆಯ ಹಗ್ಗ ಕಲ್ಲಿಗೆ ಸಿಕ್ಕಿ ತುಂಡಾಯಿತು. ಹಗ್ಗದ ತುದಿಯ ಸೀಸದ ಗುಂಡನ್ನು ನೀರಿಗೆ ಎಸೆಯುವುದರಲ್ಲೇ ಮುದುಕನಾಗಿದ್ದ ಜೆಫೆರಿನು ಹೊಸ ಹಗ್ಗ ತಂದ.

"ಹೊಸ ನಾರು, ಧಣಿ. ಒಂದಿನ ನೆನೆಸಿ, ಜಗ್ಗಿ, ಆಮೇಲೆ ಗುರುತು ಕಟ್ಟೋಣ. ನೀರು ಕುಡಿದ್ರೆ ಕುಗ್ಗುತ್ತೆ ಇದು."

"ಹೆಂಡ್ತಿಗೂ ಹಿಂಗೇ ಉಪದೇಶ ಮಾಡ್ತೀಯೇನೋ?"

"ಅವಳು ಕೇಳೋಳಾಗಿದ್ರೆ ನಾನ್ಯಾಕೆ ಸಮುದ್ರಕ್ಕೆ ಬರ್ತಿದ್ದೆ?"

ಬಾಲ್ತಜಾರ್ ನಕ್ಕು, ಡೆಕ್ಕಿನ ಮೇಲೆ ಮಾರಿಗೊಂದರಂತೆ ಬಡಿದಿದ್ದ ಹಿತ್ತಾಳೆ ಮೊಳೆಗಳ ಪಕ್ಕ ಒಣ ಹಗ್ಗವನ್ನೇ ಚಾಚಿ, ಮಾರುಮಾರಿಗೆ ಗುರುತಿನ ಚರ್ಮ, ಬಟ್ಟೆ ಕಟ್ಟಿದ. ಅದರಲ್ಲೇ ಮೂರು ದಿನ ದೋಣಿಯಲ್ಲಿ ಕೂತು ಕೊಲ್ಲಿಯನ್ನೆಲ್ಲ ಅಳೆದ.

ನಾಲ್ಕನೆಯ ಬೆಳಿಗ್ಗೆ, ಕುಡಿಯುವ ನೀರಿಗಾಗಿ, ಎಪ್ಪತ್ತು ಜನರಿದ್ದ ಅವರ 'ಗೈವೋತ' ಹಡಗು ಅವನ ನಕಾಶೆಯನ್ನು ನಂಬಿ ಕೊಲ್ಲಿಯೊಳಗೆ ಹೊರಟಿತು. ಮುಂದೆ ನೀರಿನಡಿ ಒಂದು ಬಂಡೆ. ಅದರ ಮೇಲೆ ಮೂರು ಮಾರು ನೀರಿದೆ ಎಂದು ನಕಾಶೆ. ಹಡಗಿಗೆ ಬೇಕಾದದ್ದು ಎರಡೂವರೆ. ಹಿಂದಿನಿಂದ ಗಾಳಿ ತಳ್ಳುತ್ತಿತ್ತು.

ತಳದ ಮರಳು ಅಂಟಿ ಬರಲೆಂದು ಗುಂಡಿನ ಬುಡಕ್ಕೆ ಹೊಸದಾಗಿ ಕೊಬ್ಬು ಮೆತ್ತಲು ಜೆಫೆರಿನು ಹಗ್ಗವನ್ನು ಮೇಲೆಳೆದ. ಒದ್ದೆ ಹಗ್ಗ ಮೊಳೆಗಳ ಸಾಲಿನ ಪಕ್ಕವೇ ಉದ್ದಕ್ಕೆ ಬಿತ್ತು. ಐದು ಮಾರಿನ ಬಿಳಿ ಬಟ್ಟೆ ಐದನೆಯ ಮೊಳೆಯನ್ನು ಮುಟ್ಟಿರಲಿಲ್ಲ. ಮೂರು ಮೊಳದಷ್ಟು ಹಿಂದೆಯೇ ಉಳಿದಿತ್ತು.

ಬಾಲ್ತಜಾರ್ ಬಗ್ಗಿ ಬಟ್ಟೆಯನ್ನೂ ಮೊಳೆಯನ್ನೂ ನೋಡಿದ. ಕುಗ್ಗಿದ ಹಗ್ಗ, ಗುರುತುಗಳು ಹತ್ತಿರವಾಗಿ, ಇಲ್ಲದ ಆಳ ತೋರಿಸಿತ್ತು. ಬಂಡೆಯ ಮೇಲೆ ಮೂರು ಮಾರಿಲ್ಲ. ಮುದುಕನೂ ಹಗ್ಗ ನೋಡಿದ, ಇವನ ಮುಖ ನೋಡಿದ. ತಾನು ಬಾಯಿ ಬಿಟ್ಟರೆ ಭೂಶಿರ ಹೋಯಿತು. ಬಿಡದಿದ್ದರೆ, ಅಲೆ ಎತ್ತಿ ಹಿಡಿದರೆ ದಾಟಲೂಬಹುದು. ಒಂದು ಉಸಿರಿನಷ್ಟು ಹೊತ್ತು ಅವನು ಹಾಗೂ ಯೋಚಿಸಿದ. ಆ ನಾಚಿಕೆ ಅವನನ್ನು ಸಾಯುವವರೆಗೂ ಬಿಡಲಿಲ್ಲ.

"ಲಂಗರು ಬಿಡಿ, ಕಪ್ತಾನ್ರೇ. ಈಗ್ಲೇ. ನಕಾಶೆ ತಪ್ಪಿದೆ."

ಲಂಗರು ಬಿತ್ತು. ಹಡಗು ನರಳಿ, ತಿರುಗಿ, ನಿಂತಿತು. ಮೊಳೆಗಳಿಗೆ ಸರಿಯಾಗಿ ಗುರುತು ಬದಲಿಸಿ, ದೋಣಿಯಲ್ಲಿ ಹೋಗಿ ಅಳೆದರು. ಎರಡೂವರೆ ಮಾರಿನ ಮೇಲೆ ನಾಲ್ಕೇ ಬೆರಳು. ಅಲೆ ಇಳಿದಿದ್ದರೆ ಹಡಗಿನ ಹೊಟ್ಟೆ ಸೀಳುತ್ತಿತ್ತು.

"ಈ ಹಗ್ಗಕ್ಕೆ ಗುರುತು ಕಟ್ಟಿದ್ದು ಯಾವನು?" ಎಂದ ಟೆಲೆಸ್.

ಜೆಫೆರಿನು ಬಾಯಿ ತೆರೆದ.

"ನಾನು," ಎಂದ ಬಾಲ್ತಜಾರ್. "ಇವನು ಬೇಡ ಅಂದ. ನಾನು ಕೇಳ್ಲಿಲ್ಲ."

"ನಿಂಗೆ ಹೆಸರು ಬೇಕಿತ್ತಲ್ಲಯ್ಯಾ? ತಗೋ." ಕಪ್ತಾನ ನಕಾಶೆಯಲ್ಲಿ ಭೂಶಿರಕ್ಕೆ ಬರೆದಿದ್ದ ಹೆಸರು ಹೊಡೆದುಹಾಕಿ, ನೀರಿನಡಿಯ ಕಲ್ಲಿನ ಪಕ್ಕ ಗೀಚಿದ: ಮೊರ್ಗಾದುವಿನ ಬಂಡೆ.

ಬಾಲ್ತಜಾರನಿಗೆ ಬಡ್ತಿ ಸಿಗಲಿಲ್ಲ. ಊರಿಗೆ ಮರಳಿ ಬಲೆ ಹೆಣೆಯುತ್ತ ಮುದುಕನಾದ. "ನಿಮ್ಮ ಭೂಶಿರ ಎಲ್ಲಪ್ಪಾ?" ಎಂದು ಬೀದಿಯವರು ಕೆಣಕಿದರೆ ಎದ್ದು ಒಳಗೆ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಬೀದಿಯ ಆ ತುದಿಯ ವಿಧವೆ ಎರ್ಮೆಲಿಂದಳ ಮಗ ಹಡಗಿನಿಂದಿಳಿದವನು ನೇರ ಇವನಲ್ಲಿಗೆ ಬಂದ.

"ಮಾವಾ, ಆ ಕೊಲ್ಲಿಗೆ ಹೋಗಿದ್ವಿ. ಮಂಜು, ಏನೂ ಕಾಣ್ತಿರ್ಲಿಲ್ಲ. ಕಪ್ತಾನ ನಕಾಶೆ ನೋಡಿ 'ಮೊರ್ಗಾದು' ಅಂತ ಕೂಗಿದ. ಎಲ್ರೂ ಓಡಿ ಹಾಯಿ ಹಗ್ಗ ಎಳೆದ್ವಿ, ಹಡಗು ಪಕ್ಕಕ್ಕೆ ತಿರುಗ್ತು. ನಿಮ್ಮ ಹೆಸರಿಗೇ ತಿರುಗ್ತು."

ಮುದುಕ ಬಲೆಯನ್ನು ಕೆಳಗಿಟ್ಟ.

"ನಿಮ್ಮಮ್ಮನ್ನ ನೋಡ್ದೆಯೇನೋ?"

"ಇಲ್ಲ ಮಾವಾ, ಮೊದ್ಲು ಇಲ್ಲಿಗೇ ಬಂದೆ."

"ಹೋಗು," ಎಂದ ಬಾಲ್ತಜಾರ್. "ಬೆಳಿಗ್ಗೆಯಿಂದ ಬಾಗಿಲಲ್ಲೇ ನಿಂತಿದಾಳೆ."