ಬ್ರೀಜಿದಾ ಸೀಳಿದ ಕ್ರುವಾತ್

"ಎರಡು ದಿನೇರಿಗೆ ಒಂದು ಅರ್ದಿತ್, ಹನ್ನೆರಡು ದಿನೇರಿಗೆ ಒಂದು ಸೌ, ಇಪ್ಪತ್ತು ಸೌಗೆ ಒಂದು ಲಿಯುರ. ಸೌ, ಲಿಯುರ ಅಂತ ಬಾಯಲ್ಲಿ ಎಣಿಸ್ತೀವಿ ಅಷ್ಟೇ, ಕೈಯಲ್ಲಿ ಹಿಡಿದವಳಲ್ಲ ನಾನು. ಹಿಡಿದದ್ದು ಕ್ರುವಾತ್, ಅರಸನ ಮುಖ ಅಚ್ಚಾದ ಬೆಳ್ಳಿ ನಾಣ್ಯ. ಅಂಚು ನೆಟ್ಟಗಿದ್ರೆ ಅದಕ್ಕೆ ಇಪ್ಪತ್ನಾಲ್ಕು ದಿನೇರ್. ಕಳ್ಳರು ಸುತ್ತ ಕತ್ತರಿಸ್ಕೊಂಡಿದ್ರೆ ಹದಿನೆಂಟೂ ಬಾಳಲ್ಲ. ಅಂಥದ್ದು ಸಿಕ್ರೆ ಎರಡು ತುಂಡು ಮಾಡಿ ತೂಕಕ್ಕೆ ತಗೋಬೇಕು, ಅದು ನಮ್ಮ ಸಂತೆ ಕಟ್ಟಳೆ. ನಮ್ಮವ್ವ ಹಾಗೇ ಮಾಡ್ತಿದ್ಲು, ನಾನೂ ಹಾಗೇ ಮಾಡ್ದೆ. ಅವತ್ತೊಂದಿನ ಕೊಟ್ಟೋನ ಮುಖ ನೋಡಿ ಮಾಡ್ಬೇಕಿತ್ತು."

ವಿಕ್ ಊರಿನ ಸಂತೆಯಲ್ಲಿ ಬೋಟಿ ಬೇಯಿಸಿ ಮಾರುವ ಬ್ರೀಜಿದಾ ಹೇಳುವುದು ಇಷ್ಟು.

ಹೊರನಾಡಾದ ಕಸ್ತೀಲದಿಂದ ಬಂದ ಅರಸನ ಸೈನ್ಯ ಊರಿನ ಮನೆಮನೆಯಲ್ಲಿ ಬಿಡಾರ ಹೂಡಿದ್ದ ವರ್ಷ ಅದು. ಅಂದು ಮಧ್ಯಾಹ್ನ ಅವಳು ತಲೆ ತಗ್ಗಿಸಿ ಬೋಟಿ ಹೆಚ್ಚುತ್ತಿದ್ದಳು. ಹನ್ನೆರಡು ಬಟ್ಟಲಿನ ಬೆಲೆಯೆಂದು ಹಲಗೆಯ ಮೇಲೆ ಒಂದು ಕ್ರುವಾತ್ ಬಿತ್ತು. ಕತ್ತರಿಸಿದ ಅಂಚು ಬೆರಳಿಗೆ ತಾಗಿದ್ದೇ ತಡ, ಮಚ್ಚು ತಾನಾಗಿ ಇಳಿಯಿತು. ಅರಸನ ಮೂಗು ಒಂದು ಕಡೆ, ಕಿವಿ ಒಂದು ಕಡೆ.

ತಲೆಯೆತ್ತಿದರೆ ಎದುರಿಗೆ ಸೈನಿಕ.

"ಲೇ ಬೋಟಿಯವಳೇ, ನಮ್ಮ ದೊರೆ ಮುಖಾನೇ ಸೀಳ್ತೀಯಾ?"

ಹಲಗೆ ಹಾರಿ ಬಂದವನೇ, ಒಲೆಯ ಬಳಿ ನಿಂತಿದ್ದ ಅವಳ ಗಂಡ ಗಾಲ್ಸೆರಾನನ ಜುಟ್ಟು ಹಿಡಿದು, ಕುದಿಯುವ ಹಂಡೆಯ ಮೇಲೆ ಅವನ ಮುಖ ಬಗ್ಗಿಸಿದ.

"ಈ ಕ್ರುವಾತ್ ಎಷ್ಟು ಬಾಳುತ್ತೆ, ಹೇಳೋ!"

"ಇಪ್ಪತ್ನಾಲ್ಕು ಅಣ್ಣಾ, ಪೂರಾ ಇಪ್ಪತ್ನಾಲ್ಕು!" ಬ್ರೀಜಿದಾ ಸೈನಿಕನ ಕಾಲು ಹಿಡಿದಳು.

"ನಿನ್ನನ್ನಲ್ಲ, ಇವನನ್ನ ಕೇಳಿದ್ದು."

"ಹೇಳ್ಬಿಡು ಮಾರಾಯ, ನಿನ್ನ ದಮ್ಮಯ್ಯ!" ಅವಳು ಗಂಡನನ್ನು ಬೇಡಿಕೊಂಡಳು.

ಹಬೆಗೆ ಕಣ್ಣು ಮುಚ್ಚಿಕೊಂಡೇ ಗಾಲ್ಸೆರಾನ್ ಹೇಳಿದ: "ಹದಿನೇಳು. ನಿಮ್ಮ ದೊರೇನೇ ಬರ್ಲಿ, ಅವನಿಗೂ ಅಷ್ಟೇ."

ಸಂತೆ ಗೊಳ್ಳೆಂದು ನಕ್ಕಿತು. ನಗು ಮುಗಿಯುವ ಮೊದಲೇ ಕತ್ತಿ ಅವನ ಹೊಟ್ಟೆಗೆ ಇಳಿದಿತ್ತು.

ಬ್ರೀಜಿದಾ ಬರಿಗೈಯಲ್ಲೇ ಹಂಡೆಯ ಕಿವಿ ಹಿಡಿದು ಸೈನಿಕನ ಮೇಲೆ ಕವುಚಿದಳು. ಚರ್ಮ ಸುಲಿದು ಹೊರಳಾಡುತ್ತಿದ್ದವನನ್ನು ಮೀನಿನವರು, ಕಟುಕರು ತಮ್ಮ ತಮ್ಮ ಕತ್ತಿಗಳಿಂದಲೇ ಮುಗಿಸಿದರು. ಅವನನ್ನು ಬಿಡಿಸಲು ಓಡಿ ಬಂದ ಇಬ್ಬರು ಜೊತೆಗಾರರೂ ಬಾವಿಕಟ್ಟೆಯ ಹತ್ತಿರ ಉರುಳಿದರು.

ಮೂರನೆಯ ದಿನ ಗಾಲ್ಸೆರಾನ್ ತೀರಿಕೊಂಡ. ಹೆಣದ ಬಟ್ಟೆಗೆ ದುಡ್ಡು ಸಾಲದೆ ಬ್ರೀಜಿದಾ ಕ್ರುವಾತಿನ ಆ ಎರಡು ಹೋಳುಗಳನ್ನು ಅಕ್ಕಸಾಲಿಗನ ತಕ್ಕಡಿಗೆ ಹಾಕಿದಳು.

"ಹದಿನೇಳು ದಿನೇರ್ ಆಗುತ್ತೆ ಕಣಮ್ಮ," ಅಂದ ಅವನು.

ಬೊಬ್ಬೆ ಎದ್ದ ಅಂಗೈಯಲ್ಲಿ ಅಷ್ಟನ್ನೂ ಎಣಿಸಿಕೊಂಡು ಮನೆಗೆ ಬಂದಳು. ಮರುದಿನ ಸಂತೆ. ಹಿತ್ತಿಲಲ್ಲಿ ಕುಳಿತು, ಬೋಟಿಯನ್ನು ಒಳಮೈ ಹೊರಗೆ ಮಗುಚಿ, ಉಪ್ಪು ಹಾಕಿ ತಿಕ್ಕತೊಡಗಿದಳು.