ಬೀಗದ ಕೈ ನನ್ನ ಖಾನೆಯಲ್ಲಿತ್ತು

ಮಹಾದೇವಿ, ನಿನ್ನ ಚೀಟಿ ಓದಿದವನು ನಾನು. ಶಾಹೀನ್ ಅಲ್ಲ. ಆರು ವರ್ಷ ನೀನು ಅವಳ ಮೇಲೆ ಇಟ್ಟುಕೊಂಡ ಸಿಟ್ಟು ನನಗೆ ಸೇರಬೇಕಾದದ್ದು.

ಭೀಮೆಯ ದಂಡೆಯ ಆ ಸಣ್ಣ ಆಸ್ಪತ್ರೆಯಲ್ಲಿ ನೀವಿಬ್ಬರೂ ಹೊಸ ಡಾಕ್ಟರುಗಳು, ಒಂದೇ ಕೋಣೆಯವರು. ನಾನು ನಿಮ್ಮ ಹಿರಿಯ ಸರ್ಜನ್. ನಿಮ್ಮಂಥ ಕಿರಿಯರ ಮನಸ್ಸಿನ ಕಷ್ಟ ಕೇಳಲು ಕಲಬುರಗಿಯಿಂದ ಪ್ರತಿ ಶನಿವಾರ ಒಬ್ಬ ಮನೋವೈದ್ಯೆ ಬರುತ್ತಿದ್ದರು. ಬಾಯಿಬಿಟ್ಟು ಹೇಳಲಾಗದ್ದನ್ನು ಚೀಟಿಯಲ್ಲಿ ಬರೆದು ಹಾಕಲೆಂದು ನನ್ನ ಕೋಣೆಯ ಹೊರಗೆ ಒಂದು ಪೆಟ್ಟಿಗೆ ಇಟ್ಟಿದ್ದರು. ಹೆಸರು ಬರೆಯಬೇಕಿರಲಿಲ್ಲ, ಅವರ ಹೊರತು ಯಾರೂ ತೆರೆಯುವಂತಿರಲಿಲ್ಲ. ಬೀಗದ ಕೈ ಮಾತ್ರ — ತರಲು ಮರೆತೇನು ಎಂದು ಅವರೇ ಇಟ್ಟುಹೋದದ್ದು — ನನ್ನ ಮೇಜಿನ ಖಾನೆಯಲ್ಲಿತ್ತು.

ಅದನ್ನೆಲ್ಲ ನಾನು ತಮಾಷೆ ಮಾಡುತ್ತಿದ್ದೆ. ನಮ್ಮ ಕಾಲದಲ್ಲಿ ಹಗಲು ರಾತ್ರಿ ನಿಂತು ದುಡಿದವರಿಗೆ ಯಾವ ಪೆಟ್ಟಿಗೆ ಇತ್ತು? ಆ ಗುರುವಾರ ಮುಂಜಾನೆ ಬೀಗ ತೆರೆದೆ. ಕುತೂಹಲ ಎಂದರೆ ಸುಳ್ಳಾದೀತು — ನನ್ನ ಮೇಲೆ ಯಾರಾದರೂ ದೂರು ಬರೆದಿದ್ದಾರೋ ಎಂಬ ಭಯ. ದೂರು ಇರಲಿಲ್ಲ. ನಿನ್ನ ಅಕ್ಷರ ಇತ್ತು. ದಿನಾ ಕೇಸ್ ಶೀಟಿನಲ್ಲಿ ನೋಡುವ ಅಕ್ಷರದ ಗುರುತು ಹತ್ತದೆ ಇದ್ದೀತೆ?

"ನನ್ನ ಡ್ಯೂಟಿಯಲ್ಲಿ ಆ ಕೂಸು ತೀರಿಹೋದಾಗಿನಿಂದ ವಾರ್ಡಿನ ಬಾಗಿಲಿಗೆ ಬಂದರೆ ಕೈಗಳು ನಡುಗುತ್ತವೆ. ಕೊಳಕೂರಿನ ಮನೆಗೆ ಹೋದರೂ ಅವ್ವನಿಗೆ ಹೇಳಲಾರೆ. ಇನ್ನೆಷ್ಟು ದಿನ ತಡೆದೇನೋ ಗೊತ್ತಿಲ್ಲ."

ಕೊನೆಯ ಸಾಲು ಓದಿಯೂ — ಓದಿಯೂ — ಚೀಟಿ ಮಡಚಿ ಒಳಗೆ ಹಾಕಿ, ಬೀಗ ಜಡಿದು ರೌಂಡ್ಸಿಗೆ ಬಂದೆ. ಹವಳಗಾ ಕಡೆಯ ಕಬ್ಬು ಕಡಿಯುವ ಹೆಂಗಸೊಬ್ಬಳ ಕಾಲಿಗೆ ನೀನು ಹೊಲಿಗೆ ಹಾಕಲು ಕೂತಿದ್ದೆ.

"ಯಾಕವ್ವಾ ಡಾಕ್ಟರ, ಕೈ ನಡಗ್ತಾವಂತಲ್ಲ? ನೀ ಅಕಿಗೆ ಹೊಲಿಗಿ ಹಾಕ್ತಿಯೋ, ಅಕಿ ನಿನಗ ಹಾಕಬೇಕೋ?"

ನರ್ಸುಗಳು ನಕ್ಕರು. ಆ ಹೆಂಗಸು ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ನೀನು ಸೂಜಿಯನ್ನು ಟ್ರೇಯಲ್ಲಿಟ್ಟು ಹೊರಗೆ ಹೋದೆ.

ಮಧ್ಯಾಹ್ನ ನೀನು ನನ್ನ ಕೋಣೆಯ ಮುಂದೆಯೇ ಶಾಹೀನಳನ್ನು ತಡೆದು ನಿಲ್ಲಿಸಿದೆ. ಬಾಗಿಲು ಅರ್ಧ ತೆರೆದಿತ್ತು.

"ನಿನಗೊಬ್ಬಾಕಿಗೇ ಹೇಳಿದ್ದೆ. ಸರ್‌ಗೆ ನೀನೇ ಹೇಳಿದಿ, ಹೌದಿಲ್ಲೋ?"

ಶಾಹೀನ್ ಬಾಗಿಲ ಸಂದಿಯಿಂದ ನನ್ನತ್ತ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಖಾನೆಯ ಮೇಲೆ ಕೈ ಇಟ್ಟೆ.

"ಹೂಂ, ನಾನೇ ಹೇಳ್ದೆ," ಅಂದಳು.

ಎದ್ದು ಎರಡು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಏಳಲಿಲ್ಲ. ಹುಡುಗಿ ನನಗೆ ಹೆದರಿದಳು, ಅವಳ ಸರ್ಟಿಫಿಕೇಟಿಗೆ ನನ್ನ ಸಹಿ ಬೇಕಲ್ಲ ಎಂದುಕೊಂಡೆ. ನಿಜ ಹೇಳುತ್ತೇನೆ — ಸಮಾಧಾನವೇ ಆಯಿತು. ಆ ವಾರವೇ ನೀನು ಕೋಣೆ ಬದಲಿಸಿದೆ. ಮಿತ್ರದ್ರೋಹಿ ಎಂದು ಉಳಿದವರೂ ಅವಳ ಪಕ್ಕ ಊಟಕ್ಕೆ ಕೂರುವುದನ್ನು ಬಿಟ್ಟರು. ನಾನು ಅದನ್ನೂ ನೋಡುತ್ತಿದ್ದೆ.

ಹೋದ ತಿಂಗಳು ಆಳಂದದಲ್ಲಿ ಶಾಹೀನ್ ಸಿಕ್ಕಳು. ಅಲ್ಲಿ ಈಗ ಅವಳದೇ ದವಾಖಾನೆ ಇದೆ. ಯಾಕೆ ಹಾಗೆ ಹೇಳಿದೆ ಎಂದು ಕೊನೆಗೂ ಕೇಳಿದೆ.

"ನೀವು ಪೆಟ್ಟಿಗಿ ತಗದದ್ದು ನಾ ಕಿಟಕ್ಯಾಗಿಂದ ನೋಡಿದ್ದೆರಿ ಸರ್. ಅದನ್ನ ಹೇಳಿದ್ರ ಪೆಟ್ಟಿಗಿ ಮ್ಯಾಲಿನ ನಂಬಿಕಿ ಹೋಗಿ ಅಕಿ ಶನಿವಾರ ಆ ಮೇಡಮ್ಮರ ಹತ್ರ ಹೋಗ್ತಿರ್ಲಿಲ್ಲ. ಅಕಿ ಉಳೀಬೇಕಾಗಿತ್ತರಿ. ದೋಸ್ತಿ ಹೋದ್ರ ಹೋಗ್ಲಿ ಅಂದೆ."

ನೀನು ಆ ಶನಿವಾರ ಅವರ ಹತ್ತಿರ ಹೋದೆ. ಉಳಿದೆ. ಜೇವರ್ಗಿಯಲ್ಲಿ ನಿನ್ನ ಕೈಗುಣವನ್ನು ಜನ ಹೊಗಳುತ್ತಾರಂತೆ, ಕೇಳಿ ಸಂತೋಷಪಡುವ ಹಕ್ಕೂ ನನಗಿಲ್ಲ.

ಆ ಕೂಸು ಹೋದ ದಿನ ಶಾಹೀನಳೂ ನಿನ್ನ ಜೊತೆ ಡ್ಯೂಟಿಯಲ್ಲಿದ್ದಳು — ಇಷ್ಟು ವರ್ಷದಲ್ಲಿ ನನಗೆ ಅದು ಹೊಳೆದದ್ದು ಆಳಂದದಲ್ಲಿ ಆವತ್ತೇ. "ಮತ್ತ ನಿಂದು? ನೀ ಯಾರ ಹತ್ರ ಹೇಳ್ಕೊಂಡಿ?" ಎಂದು ಅವಳನ್ನು ಕೇಳಿದೆ.

"ಯಾರ ಹತ್ರಾನೂ ಇಲ್ರಿ," ಎಂದು ಮುಂದಿನ ಪೇಷಂಟನ್ನು ಕರೆದಳು.

ಈಗ ನನ್ನ ಕೈಕೆಳಗಿರುವ ಕಿರಿಯ ಡಾಕ್ಟರುಗಳ ಮುಂದೆ ಈ ಕಾಗದವನ್ನು, ನಿಮ್ಮಿಬ್ಬರ ಹೆಸರನ್ನೂ ನಿನ್ನ ಚೀಟಿಯ ಸಾಲುಗಳನ್ನೂ ಬಿಟ್ಟು, ಸೋಮವಾರ ಗಟ್ಟಿಯಾಗಿ ಓದುತ್ತೇನೆ. ನನಗೆ ಕ್ಷಮೆ ಕೊಡಬೇಡ. ಶಾಹೀನಳಿಗೆ ಫೋನ್ ಮಾಡು, ಹೆಂಗಿದ್ದೀ ಎಂದು ಕೇಳು. ಅವಳನ್ನು ಹಾಗೆ ಕೇಳುವವಳು ನೀನೊಬ್ಬಳೇ ಇದ್ದೆ.