ಸೂಜಿಗೂ ಮೊದಲು ಊಟ ಕೇಳುವ ಪ್ರಮಿಳಾ

ಖಾನಾಪುರದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಶುಭದಾ ಅವರ ಮನೆಯ ಪಡಸಾಲೆಯಲ್ಲಿ ಪ್ರಮಿಳಾ ತೊಯ್ದ ರೇನ್‌ಕೋಟ್ ಕಳಚಿ, ಕೈ ತೊಳೆದು ಕೂರುತ್ತಾರೆ. ಸೂಜಿ ತೆಗೆಯುವ ಮೊದಲು ಒಂದು ಪ್ರಶ್ನೆ: "ನಿನ್ನೆ ಊಟಕ್ಕ ಏನ್ ಮಾಡಿದ್ರಿ, ಅಕ್ಕಾರ?"

"ಮೆಂತ್ಯಪಲ್ಯ. ಈ ಸಲ ಖರೇ ಹೇಳಾಕತ್ತೇನಿ," ಎಂದು ಶುಭದಾ ನಗುತ್ತಾರೆ. ಪತಿ ದಿಗಂಬರ ಅವರೂ ನಗುತ್ತಾರೆ. ಆದರೆ ನಳಿಗೆಗೆ ರಕ್ತ ಇಳಿಯುವಾಗ ಮೂವರ ಕಣ್ಣೂ ಅದರ ಮೇಲೆಯೇ. ಕಳೆದ ವಾರ ಈ ರಕ್ತ ಅಪಾಯದ ಮಟ್ಟಕ್ಕೆ ತೆಳುವಾಗಿತ್ತು. ಇವತ್ತು ಹದಕ್ಕೆ ಬಂದಿರಬೇಕು.

ಪ್ರಮಿಳಾ ಹತ್ತಿರದ ಬೀಡಿ ಗ್ರಾಮದ ರೈತ ಮನೆತನದವರು. ಬೆಳಗಾವಿಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಕಲಿತು, ಅಲ್ಲಿಯದೇ ಒಂದು ಲ್ಯಾಬಿಗೆ ಮನೆಮನೆಯಿಂದ ರಕ್ತದ ಮಾದರಿ ತರುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಮನೆ. ಜಾಂಬೋಟಿ ಕಡೆ ಮಳೆ ಜೋರಾದರೆ ಸ್ಕೂಟರ್ ಬಿಟ್ಟು ಬಸ್ಸು. ಎಷ್ಟೇ ತಡವಾದರೂ ಮಧ್ಯಾಹ್ನದೊಳಗೆ ನಳಿಗೆಗಳು ಬೆಳಗಾವಿ ಸೇರಬೇಕು. ಮೊದಮೊದಲು ಪಾರಿಶ್ವಾಡದಲ್ಲಿ "ರಕ್ತ ಮಾರಕೊಂಡ ತಿಂತಾಳ" ಎಂದು ಬಾಗಿಲು ಹಾಕಿಕೊಂಡವರೂ ಇದ್ದರು.

ಶುಭದಾ ಅವರ ಹೃದಯದಲ್ಲಿ ಲೋಹದ ಕವಾಟವಿದೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಿರಲು ದಿನವೂ ಗುಳಿಗೆ ಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಆದರೆ ಎಲ್ಲರಿಗೂ ಹೊಂದುವ ಒಂದೇ ಅಳತೆ ಈ ಗುಳಿಗೆಗಿಲ್ಲ. ಯಕೃತ್ತು ಅದನ್ನು ಎಷ್ಟು ಬೇಗ ಒಡೆಯುತ್ತದೆ ಎನ್ನುವುದು ಬಹುಮಟ್ಟಿಗೆ ಹುಟ್ಟಿನಿಂದ ಬಂದ ಗುಣ. ಹೆಂಗಸರಿಗೆ ಸಾಮಾನ್ಯವಾಗಿ ತುಸು ಕಡಿಮೆ ಸಾಕು. ಇನ್ನು ಸೊಪ್ಪಿನಲ್ಲಿರುವ ಕೆ ವಿಟಮಿನ್ ಗುಳಿಗೆಯ ಕೆಲಸವನ್ನೇ ಹಿಂದಕ್ಕೆ ಎಳೆಯುತ್ತದೆ. ಊಟ ಕೇಳುವುದನ್ನು ಪ್ರಮಿಳಾಗೆ ಕಲಿಸಿದ್ದು ಹೃದ್ರೋಗ ವೈದ್ಯರೇ.

ಬೀಡಿಯ ಕುರಿಗಾರ ಸಾತಪ್ಪನಿಗೆ ಶುಭದಾ ಅವರ ಮೂರು ಪಟ್ಟು ಗುಳಿಗೆ. ನನ್ನ ಜಡ್ಡೇ ದೊಡ್ಡದು ಎಂದು ಅವನು ಜಂಬ ಪಡುತ್ತಾನಂತೆ. "ನಿಮ್ಮ ಕುರಿ ಎಲ್ಲಾ ಒಂದ ಮೇವು ತಿಂದ್ರೂ ಒಂದ ಸಮ ಮೈ ತುಂಬತಾವೇನ್ರಿ, ಮಾಮಾ?" ಎಂದು ಪ್ರಮಿಳಾ ಕೇಳಿದ ಮೇಲೆ ಅವನ ಜಂಬ ಸ್ವಲ್ಪ ಇಳಿದಿದೆ.

ಕಳೆದ ವಾರ ಊಟ ಕೇಳಿದಾಗ ಶುಭದಾ "ದಿನದಂಗ" ಎಂದಿದ್ದರು. ಆದರೆ ಸೂಜಿ ತೆಗೆದ ಜಾಗದಲ್ಲಿ ರಕ್ತ ನಿಲ್ಲಲೇ ಇಲ್ಲ. ಪ್ರಮಿಳಾ ಹತ್ತಿ ಒತ್ತಿ ಹಿಡಿದು ಕೂತರು. ಹಲ್ಲುಜ್ಜುವಾಗಲೂ ಒಸಡಿನಿಂದ ರಕ್ತ ಬರುತ್ತಿದೆ ಎಂಬುದು ಆಗ ಹೊರಬಿತ್ತು. ಚಹಾ ತಂದ ದಿಗಂಬರ ಅವರು, ಶ್ರಾವಣ ಹಿಡಿದಾಗಿನಿಂದ ತಮ್ಮ ತಾಟಿನಲ್ಲಿ ಹಸಿರೇ ಕಂಡಿಲ್ಲ ಎಂದು ಚೇಷ್ಟೆ ಮಾಡಿದರು. ಕವಾಟದ ಆಪರೇಷನ್ ಸುಸೂತ್ರವಾದರೆ ಶ್ರಾವಣವಿಡೀ ಸೊಪ್ಪು ಬಿಡುತ್ತೇನೆಂದು ಶುಭದಾ ಪಾಂಡುರಂಗನಿಗೆ ಹರಕೆ ಹೊತ್ತಿದ್ದರು. ಹೊರಗಿನವರಿಗೆ ಹೇಳಿದರೆ ಫಲ ಹೋಗುತ್ತದೆಂದು ಬಾಯಿ ಬಿಟ್ಟಿರಲಿಲ್ಲ. ದಿನವೂ ಸೊಪ್ಪು ತಿನ್ನುವ ಮೈಗೆ ಗೊತ್ತುಮಾಡಿದ್ದ ಗುಳಿಗೆ, ಸೊಪ್ಪು ನಿಂತ ಮೈಗೆ ವಿಪರೀತವಾಗಿತ್ತು.

ಪ್ರಮಿಳಾ ಅಲ್ಲಿಂದಲೇ ವೈದ್ಯರಿಗೆ ಫೋನ್ ಮಾಡಿದರು. ಮಧ್ಯಾಹ್ನ ಲ್ಯಾಬಿನಲ್ಲಿ ನೋಡಿದರೆ, ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ, ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕಾದ ಅಂಕಿ ಆರು ದಾಟಿತ್ತು. ವೈದ್ಯರ ಸೂಚನೆಯಂತೆ ಗುಳಿಗೆ ತಾತ್ಕಾಲಿಕವಾಗಿ ನಿಂತು ಮತ್ತೆ ಶುರುವಾಯಿತು. ಮೆಂತ್ಯ, ರಾಜಗಿರಿ ಮೊದಲಿನ ಅಳತೆಯಲ್ಲೇ ತಾಟಿಗೆ ಮರಳಿದವು.

ಮಧ್ಯಾಹ್ನ ಬೆಳಗಾವಿಯ ಲ್ಯಾಬಿನಲ್ಲಿ ಇವತ್ತಿನ ಅಂಕಿ ಬರುತ್ತದೆ: ಎರಡು ಪಾಯಿಂಟ್ ಎಂಟು. ವರದಿ ವೈದ್ಯರಿಗೆ ತಲುಪಿದ ಮೇಲೆ ಪ್ರಮಿಳಾ ಖಾನಾಪುರಕ್ಕೆ ಫೋನ್ ಹಚ್ಚುತ್ತಾರೆ. ಆ ಕಡೆ ದಿಗಂಬರ ಅವರ ದನಿ: ಹರಕೆ ಬದಲಾಗಿದೆ, ಸೊಪ್ಪಿನ ಬದಲು ಬದನೆಕಾಯಿ. "ಬದನಿಕಾಯಿ ಆಕಿಗೆ ಮೊದಲಿಂದನ ಸೇರೂದಿಲ್ರಿ. ಪಾಂಡುರಂಗಗೂ ಅದು ಗೊತ್ತೈತಿ."

ಪ್ರಮಿಳಾ ಬಹಳ ಹೊತ್ತು ನಗುತ್ತಾರೆ. ಜನರಿಂದ ಏನು ನಿರೀಕ್ಷಿಸುತ್ತೀರಿ ಎಂದು ಕೇಳಿದರೆ, ನಳಿಗೆಗಳ ಖಾಲಿ ಪೆಟ್ಟಿಗೆಯನ್ನು ಹೆಗಲಿಗೇರಿಸುತ್ತ ಹೇಳುತ್ತಾರೆ: "ಹರಕಿ ಹೊರೂ ದಿವಸ ನನಗೂ ಒಂದ ಮಾತು ಹೇಳ್ಲಿ, ಅಷ್ಟರಿ. ಹರಕಿ ಬಿಡ್ರಿ ಅಂತ ನಾ ಯಾರಿಗೂ ಹೇಳೂದಿಲ್ಲ. ದೇವರು ದೇವರ ಕೆಲಸಾ ಮಾಡ್ಲಿ, ಡಾಕ್ಟರಿಗೆ ನಾ ತಿಳಿಸ್ತೇನಿ."